ಮೆಂತ್ಯ ಹೊರಳುವ ಹೊತ್ತು

ನನ್ನ ಮೂಗು ನೋಡಲು ಏನೂ ಚೆಂದವಿಲ್ಲ. ಹೆಣ್ಣು ನೋಡಲು ಬಂದಿದ್ದ ಒಬ್ಬರು ಅದನ್ನೇ ನೆಪ ಮಾಡಿಕೊಂಡು ಅವಲಕ್ಕಿ ತಿಂದು ಎದ್ದು ಹೋಗಿದ್ದರು. ಹೋಗಲಿ, ನಷ್ಟ ಅವರಿಗೇ. ಮಲ್ಕಾಜ್‌ಗಿರಿಯ ನಮ್ಮ ಓಣಿಯಲ್ಲಿ ಈ ಮೂಗಿಗೆ ಇದ್ದ ಮರ್ಯಾದೆ ನಮ್ಮ ಯಜಮಾನರ ರೈಲ್ವೆ ಗಾರ್ಡ್ ನೌಕರಿಗೂ ಇರಲಿಲ್ಲ. ಅವರು ಹಸಿರು ಬಾವುಟ ತೋರಿಸಿದರೆ ಗಾಡಿ ಹೊರಡುತ್ತಿತ್ತು ನಿಜ, ಆದರೆ ನಾನು ಮೂಗು ಏರಿಸಿ ‘ಇಳಸ್ರಿ’ ಅಂದರೆ ಏಳೆಂಟು ಮನೆಗಳ ವರ್ಷದ ಊಟ ಗಟ್ಟಿಯಾಗುತ್ತಿತ್ತು.

ಮಸಾಲೆ ಖಾರದ ವಿಷಯ ಹೇಳುತ್ತಿದ್ದೇನೆ. ವಿಜಯಪುರ, ಕಲಬುರಗಿ, ರಾಯಚೂರು ಕಡೆಯಿಂದ ಬಂದು ಹೈದರಾಬಾದಿನಲ್ಲಿ ನೆಲೆ ನಿಂತ ನಮ್ಮಂಥವರಿಗೆ ಅದಿಲ್ಲದೆ ಅಡಿಗೆಯಿಲ್ಲ. ಬದನೆಕಾಯಿ ಎಣ್ಣೆಗಾಯಿಗೆ ಅದೇ, ಬೇಳೆಗೆ ಅದೇ, ಏನೂ ಮಾಡಲು ಬೇಸರವಾದ ದಿನ ಬಿಸಿ ಅನ್ನಕ್ಕೆ ಹಸಿ ಎಣ್ಣೆ ಹಾಕಿ ಕಲಸಿಕೊಳ್ಳುವುದಕ್ಕೂ ಅದೇ. ಬೇಸಿಗೆಯಲ್ಲಿ ಒಮ್ಮೆ ಮಾಡಿದರೆ ಮುಂದಿನ ಬೇಸಿಗೆಯ ತನಕ ಬರಬೇಕು. ಹಾಗಾಗಿ ನಮ್ಮ ಪೈಕಿಯ ಮನೆಗಳವರೆಲ್ಲ ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ, ಒಣಕೊಬ್ಬರಿ, ಲವಂಗ, ದಾಲ್ಚಿನ್ನಿ, ಕಲ್ಲುಹೂವು ಎಲ್ಲವನ್ನೂ ಹೊತ್ತು ನಮ್ಮ ಮನೆಯ ಮಾಳಿಗೆಗೆ ಬರುತ್ತಾರೆ. ಒಟ್ಟಿಗೆ ಹುರಿದು, ಗಿರಣಿಗೆ ಕಳಿಸಿ, ಹಂಚಿಕೊಳ್ಳುತ್ತೇವೆ. ನಮ್ಮ ಕೆಳಗಿನ ಮನೆಯ ತೆಲುಗಿನಾಕೆಯೂ ಒಮ್ಮೆ ರುಚಿ ನೋಡಿ ಆಮೇಲೆ ಈ ಗುಂಪು ಬಿಟ್ಟವಳಲ್ಲ.

ಇದರಲ್ಲಿ ಎಲ್ಲವನ್ನೂ ಯಾರಾದರೂ ಹುರಿಯಬಹುದು, ಮೆಂತ್ಯ ಒಂದನ್ನು ಬಿಟ್ಟು. ಮೆಂತ್ಯ ಹಸಿ ಉಳಿದರೆ ಖಾರ ಬೇಗ ಕೆಡುತ್ತದೆ. ಒಂದು ಚೂರು ಹೆಚ್ಚಾದರೆ ವರ್ಷವಿಡೀ ಕಹಿ. ಬಾಯಿಗೆ ಹಾಕಿ ನೋಡೋಣವೆಂದರೆ ಅದು ಹುಟ್ಟಾ ಕಹಿ, ನಾಲಿಗೆಗೆ ಏನೂ ತಿಳಿಯುವುದಿಲ್ಲ. ಬಣ್ಣ ನೋಡುತ್ತೇನೆ ಅನ್ನುವವರು ನೋಡಲಿ, ಬಣ್ಣ ಬರುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ವಾಸನೆ ಒಂದೇ ಗತಿ. ಹಸಿ ವಾಸನೆ ಇದ್ದಕ್ಕಿದ್ದಂತೆ ಹೊರಳಿ ಬೇರೆಯದಾಗುವ ಒಂದು ಗಳಿಗೆ ಇದೆ, ಆಗಲೇ ಕಡಾಯಿ ಇಳಿಯಬೇಕು. ಆ ಗಳಿಗೆಯನ್ನು ನಾನು ಒಂದು ವರ್ಷವೂ ತಪ್ಪಿಸಿರಲಿಲ್ಲ. ಅದರ ಜಂಬವೂ ನನಗೆ ಇತ್ತು, ಇಲ್ಲ ಅನ್ನುವುದಿಲ್ಲ.

ಆಮೇಲೆ ಊರಿಗೆಲ್ಲ ಬಂದ ಆ ಜ್ವರ ನಮ್ಮ ಮನೆಗೂ ಬಂತು. ಯಜಮಾನರು ಒಂದು ವಾರ ಕೆಮ್ಮಿ ಎದ್ದು ಕುಳಿತರು. ನಾನೂ ಎದ್ದೆ, ಆದರೆ ಮೂಗು ಏಳಲಿಲ್ಲ. ಒಗ್ಗರಣೆ ಸಿಡಿಯುವುದು ಕಿವಿಗೆ ಕೇಳುತ್ತಿತ್ತು, ಅಷ್ಟೇ. ಮಲ್ಲಿಗೆ ದಂಡೆಯನ್ನು ಮುಖಕ್ಕೆ ಒತ್ತಿಕೊಂಡರೂ ಬರೀ ತಣ್ಣಗಾಗುತ್ತಿತ್ತು. ವಿಚಿತ್ರವೆಂದರೆ ಮೆಣಸಿನಕಾಯಿ ಹುರಿದರೆ ಎಲ್ಲರಂತೆ ನನಗೂ ಕೆಮ್ಮು ಬರುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು. ಘಾಟು ಉಂಟು, ವಾಸನೆ ಇಲ್ಲ. ಕೆಮ್ಮಿ ಕೆಮ್ಮಿ ಅಳುವುದಕ್ಕೆ ಅದೊಂದು ಅನುಕೂಲವಾಯಿತು, ಯಾರೂ ಯಾಕೆಂದು ಕೇಳುತ್ತಿರಲಿಲ್ಲ.

ಆ ವರ್ಷದ ಖಾರ ಹುರಿದವಳು ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ. ನಾರಾಯಣಗೂಡದಲ್ಲಿ ಅವರ ಮನೆ. ಸುತ್ತಲೂ ಕೋಚಿಂಗ್ ಸೆಂಟರುಗಳು, ಅಲ್ಲಿ ಎಲ್ಲದಕ್ಕೂ ಗಂಟೆ ಹೊಡೆಯುತ್ತದೆ. ಅದರ ಗಾಳಿ ಇವಳಿಗೂ ಬಡಿದಿದೆ. ಮೊಬೈಲಿನಲ್ಲಿ ಟೈಮರ್ ಇಟ್ಟುಕೊಂಡು ಕಡಾಯಿಯ ಮುಂದೆ ಕುಳಿತಳು. “ಅಕ್ಕಾರ, ನೀವು ಆರಾಮ ಕುಂದರ್ರಿ. ವಿಡಿಯೋದಾಗ ಟೈಮ್ ಹೇಳ್ಯಾರ, ಅಷ್ಟ ಹುರಿದ್ರ ಸಾಕು” ಅಂದಳು. ವಿಡಿಯೋದವರ ಒಲೆ ಯಾವುದು, ಕಡಾಯಿ ಎಷ್ಟು ದಪ್ಪ, ನಮ್ಮ ಮಾಳಿಗೆಯ ಗಾಳಿ ಎತ್ತ ಬೀಸುತ್ತದೆ ಎಂಬುದು ಮೊಬೈಲಿಗೆ ಹೇಗೆ ಗೊತ್ತಾಗಬೇಕು? ಖಾರ ಕಹಿಯಾಯಿತು. ವರ್ಷಪೂರ್ತಿ ಏಳೆಂಟು ಮನೆಯವರು ಮುಖ ಕಿವುಚಿಕೊಂಡು ಉಂಡರು. ನನಗೆ ಒಳಗೊಳಗೇ ಖುಷಿಯಾಯಿತು. ಅದರ ಹಿಂದೆಯೇ ದುಃಖವೂ ಬಂತು, ಏಕೆಂದರೆ ಮುಂದಿನ ಬೇಸಿಗೆಗೆ ಪಾಕೀಟಿನ ಖಾರವೇ ತರೋಣ ಎಂಬ ಮಾತು ಅವರವರಲ್ಲಿ ಶುರುವಾಗಿತ್ತು.

ಕಿವಿ ಮೂಗಿನ ಡಾಕ್ಟರು ಮಾತ್ರೆ ಕೊಡಲಿಲ್ಲ. ನಾಲ್ಕಾರು ಬೇರೆ ಬೇರೆ ವಾಸನೆಗಳನ್ನು ದಿನಾ ತಪ್ಪದೆ ಮೂಸಿ, ಅದರ ನೆನಪು ಮಾಡಿಕೊಳ್ಳಿ, ಹಾಡುವವರ ಕೊರಳಿನ ಹಾಗೆ ಮೂಗಿಗೂ ಸಾಧಕ ಬೇಕು ಅಂದರು. ಲವಂಗ, ನಿಂಬೆಸಿಪ್ಪೆ, ಗುಲಾಬಿ ಎಂದು ಡಬ್ಬಿಗಳನ್ನು ಸಾಲಾಗಿ ಇಟ್ಟುಕೊಂಡು ಮೂಸಿದೆ. ಮಳೆಗಾಲ ಕಳೆದು ಚಳಿ ಬಂತು. ಖಾಲಿ ಡಬ್ಬಿ ಮೂಸಿದರೂ ಅಷ್ಟೇ, ತುಂಬಿದ ಡಬ್ಬಿ ಮೂಸಿದರೂ ಅಷ್ಟೇ. ಒಂದು ದಿನ ಸಿಟ್ಟು ಬಂದು ಎಲ್ಲ ಡಬ್ಬಿಗಳನ್ನೂ ಅಟ್ಟಕ್ಕೆ ಹಾಕಿಬಿಟ್ಟೆ.

ಆಗ ಬಂದವಳು ನನ್ನ ಅಣ್ಣನ ಮಗಳು. ಪಟಾನ್‌ಚೆರುವಿನ ಔಷಧದ ಕಾರ್ಖಾನೆಯೊಂದರಲ್ಲಿ ಪರೀಕ್ಷೆಯ ಲ್ಯಾಬಿನಲ್ಲಿ ಅವಳಿಗೆ ಕೆಲಸ. ರಜೆಯ ದಿನ ಎರಡು ಬಸ್ಸು ಬದಲಿಸಿ ನನ್ನ ಕೈ ರೊಟ್ಟಿ ತಿನ್ನಲು ಬರುತ್ತಾಳೆ. ಆ ಸಲ ಚೀಲದಿಂದ ಅಂಗೈಯಷ್ಟು ದೊಡ್ಡದಾದ ಒಂದು ಕಪ್ಪು ಯಂತ್ರ ತೆಗೆದಳು. ಮೇಲೊಂದು ಪುಟ್ಟ ಲೋಹದ ಬಟ್ಟಲು, ಅದಕ್ಕೊಂದು ಮುಚ್ಚಳ, ಮುಚ್ಚಳಕ್ಕೆ ಗಾಜಿನ ಕೊಳವೆ, ಪಕ್ಕದಲ್ಲಿ ಕಾವು ಏರಿಸಿ ಇಳಿಸುವ ಗುಂಡಿ. ವೇಪರೈಸರ್ ಅಂದಳು.

“ಅತ್ತಿ, ಇದರಾಗ ಒಣಗಿದ ಎಲಿ ಪುಡಿ ಮಾಡಿ ಹಾಕಬೇಕ್ರಿ. ಇದು ಸುಡೂದಿಲ್ಲ, ಬರೀ ಬಿಸಿ ಮಾಡತೈತಿ. ಎಲಿಯೊಳಗಿನ ಎಣ್ಣಿ ಹಬಿಯಾಗಿ ಮ್ಯಾಲ ಬರತೈತಿ. ಎದಿಗೆ ಎಳಕೋಬ್ಯಾಡ್ರಿ, ಮೂಗಿನ ಮುಂದ ಹಿಡಕೊಂಡು ಮೂಸ್ರಿ, ಸಾಕು. ಡಬ್ಬಿ ವಾಸನಿಕಿಂತ ಇದು ಭಾಳ ಜೋರ ಇರತೈತಿ.”

ನಮ್ಮ ಯಜಮಾನರು ಪೇಪರು ಮಡಚಿ, ಕನ್ನಡಕ ಏರಿಸಿ ಅದನ್ನು ನೋಡಿದರು. “ಇದು ಚಿಲುಮಿ ಅಲ್ಲೇನ? ಬಾವಾಗೋಳ ಚಿಲುಮಿಗೆ ಕರೆಂಟ್ ಕೊಟ್ಟಾಂಗ ಐತಿ. ಈ ವಯಸ್ಸಿನ್ಯಾಗ ಇದೊಂದು ಕಲತಿ ಅಂದ್ರ ಓಣ್ಯಾಗ ನನ್ನ ಮಾನ ಏನು ಉಳಿತೈತಿ?” ಅಂದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಚಿಲುಮೆಯೇ ಆಯಿತು. ಕೆಳಗಿನ ಮನೆಯಾಕೆ ಬಂದಾಗ ‘ನಮ್ಮಾಕಿ ಚಿಲುಮಿ ಸೇದಾಕ ಕುಂತಾಳ, ಆಮೇಲೆ ಬರ್ರಿ’ ಎಂದು ಹೇಳುವಷ್ಟು ಅವರಿಗೆ ಅದು ರುಚಿಸಿತು.

ಕುಂಡದಲ್ಲಿದ್ದ ತುಳಸಿ, ಪುದೀನ, ದೊಡ್ಡಪತ್ರೆಗಳನ್ನು ಕಿತ್ತು ನೆರಳಲ್ಲಿ ಒಣಗಿಸಿದೆ. ಬಿಸಿಲಿಗೆ ಹಾಕಿದರೆ ಅದರ ಜೀವವೇ ಹೋಗುತ್ತದೆ, ಅದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ದೇವರ ಮುಂದಿನ ದವನವನ್ನೂ ಬಾಡಿದ ಮೇಲೆ ತೆಗೆದಿಟ್ಟೆ. ಎಲೆ ಬೆರಳ ನಡುವೆ ಸರಿಯಾಗಿ ಪುಡಿಯಾಗುವಷ್ಟು ಒಣಗಿದ ಮೇಲೆ ಒಂದು ಚಿಟಿಕೆ ಬಟ್ಟಲಿಗೆ ಹಾಕಿದೆ. ಇಲ್ಲಿಯವರೆಗೆ ಎಲ್ಲ ಸರಿ. ಆದರೆ ಒಣಗಿದ ಯಾವುದನ್ನೇ ಕಾವಿಗೆ ಹಾಕುವಾಗ ಒಂದು ಹನಿ ಎಣ್ಣೆ ಬಿಡುವುದು ನಮ್ಮ ಕೈಗೆ ಹತ್ತಿದ ಅಭ್ಯಾಸ. ಮೆಣಸಿನಕಾಯಿಗೆ ಬಿಡುತ್ತೇವೆ, ಕಲ್ಲುಹೂವಿಗೆ ಬಿಡುತ್ತೇವೆ, ಸೀಯಬಾರದಲ್ಲ. ಚಮಚದ ತುದಿಯಿಂದ ಕುಸುಬಿ ಎಣ್ಣೆ ಬಿಟ್ಟು, ಗುಂಡಿಯನ್ನು ಕೊನೆಯ ತನಕ ಏರಿಸಿ, ಕಣ್ಣು ಮುಚ್ಚಿ ಕೊಳವೆಯ ಮುಂದೆ ಮೂಗು ಹಿಡಿದು ಕುಳಿತೆ.

“ಏನ ಸುಡಾಕತ್ತೈತಿ? ಮನಿಗೆ ಬೆಂಕಿ ಹಚ್ಚಿಯೇನ?” ಎಂದು ಯಜಮಾನರು ಪಡಸಾಲೆಯಿಂದ ಓಡಿ ಬಂದರು. ಕಣ್ಣು ಬಿಟ್ಟು ನೋಡಿದರೆ ಕೊಳವೆಯಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ಪಡಸಾಲೆಯಲ್ಲಿದ್ದ ಅವರಿಗೆ ಗೊತ್ತಾದ ಸೀದ ವಾಸನೆ, ಮೂಗಿಗೆ ಹಿಡಿದುಕೊಂಡು ಕುಳಿತ ನನಗೆ ಗೊತ್ತಾಗಿರಲಿಲ್ಲ. ಅವತ್ತು ಮಾತ್ರ ಮೆಣಸಿನಕಾಯಿಯ ನೆಪ ಇಲ್ಲದೆ ಅತ್ತುಬಿಟ್ಟೆ. ಅವರು ಏನೂ ಚೇಷ್ಟೆ ಮಾಡದೆ ಕಿಟಕಿ ತೆಗೆದು, ಯಂತ್ರದ ಸ್ವಿಚ್ಚು ಆರಿಸಿ, ಚಹಾ ಮಾಡಿಕೊಟ್ಟರು. ಅದಕ್ಕೆ ಸಕ್ಕರೆ ಹಾಕಲು ಮರೆತಿದ್ದರು.

ಮುಂದಿನ ರಜೆಗೆ ಬಂದ ಅಣ್ಣನ ಮಗಳು ಸ್ಪಿರಿಟು ಹಾಕಿ ಬಟ್ಟಲನ್ನು ತಿಕ್ಕುತ್ತ ನನ್ನನ್ನು ಚೆನ್ನಾಗಿ ಬೈದಳು. “ಅತ್ತಿ, ಇದೇನು ಕಡಾಯಿ ಅಲ್ರಿ.”

“ಕಡಾಯಿ ಅಲ್ಲಂದ್ರ ಮತ್ತೇನು? ಒಣಗಿದ್ದು ಹಾಕ್ತೀವಿ, ಕಾಸ್ತೀವಿ, ಸುಡಗೊಡಬಾರದು ಅಂತಿ. ಇದು ಕಡಾಯಿನ” ಎಂದು ನಾನೂ ಬಿಡಲಿಲ್ಲ. ಸಿಟ್ಟಿನಲ್ಲಿ ಆಡಿದ ಮಾತು. ಆದರೆ ಅವಳು ಹೋದ ಮೇಲೆ ಅದೇ ಮಾತು ತಲೆಯಲ್ಲಿ ಉಳಿಯಿತು. ಕಡಾಯಿಯಾದರೆ ನಾನು ಅದರ ಮುಂದೆ ಹೇಗೆ ಕುಳಿತುಕೊಳ್ಳುತ್ತಿದ್ದೆ? ಯಾವತ್ತಾದರೂ ‘ಇದು ಲವಂಗ, ಇದು ಜೀರಿಗೆ’ ಎಂದು ಹೆಸರು ಹೇಳಲು ಮೂಸಿದ್ದೆನೇ? ಇಲ್ಲ. ಕಣ್ಣಿಗೆ ಕಾಣುವುದಕ್ಕೆ ಮೂಗೇಕೆ ಬೇಕು? ನಾನು ಕಾಯುತ್ತಿದ್ದದ್ದು ವಾಸನೆಗಲ್ಲ, ವಾಸನೆ ಹೊರಳುವುದಕ್ಕೆ. ಡಾಕ್ಟರು ಹೇಳಿದ ಸಾಧಕದಲ್ಲಿ ಅದೊಂದು ಇರಲೇ ಇಲ್ಲ.

ಅಂದಿನಿಂದ ನನ್ನ ಪದ್ಧತಿಯೇ ಬೇರೆಯಾಯಿತು. ಎಣ್ಣೆ ಇಲ್ಲ. ಒಂದು ಚಿಟಿಕೆ ಎಲೆ, ಮೊದಲು ಸಣ್ಣ ಕಾವು, ಆಮೇಲೆ ಒಂದೊಂದೇ ಮೆಟ್ಟಿಲು ಏರಿಸುತ್ತ, ಪ್ರತಿ ಮೆಟ್ಟಿಲಿಗೂ ನಿಂತು, ಏನಾದರೂ ಬದಲಾಯಿತೇ ಎಂದು ಮಾತ್ರ ಕೇಳಿಕೊಳ್ಳುವುದು. ಎಲೆ ಕಂದು ಬಣ್ಣಕ್ಕೆ ತಿರುಗಿದರೆ ಅದರ ಕತೆ ಮುಗಿಯಿತು, ಬ್ರಶ್ಶಿನಿಂದ ಬಟ್ಟಲು ಗುಡಿಸಿ ಮತ್ತೊಂದು ಚಿಟಿಕೆ. ಬೆಳಿಗ್ಗೆ ಪೂಜೆ ಮುಗಿದ ಮೇಲೆ ಒಮ್ಮೆ, ಸಂಜೆ ದೀಪಕ್ಕೆ ಮುಂಚೆ ಒಮ್ಮೆ ಇದೇ ಕೆಲಸ.

ಮೊದಲು ಬಾಯಿ ತೆರೆದದ್ದು ದವನ. ತೆರೆದದ್ದು ಹೌದು, ಆದರೆ ನನ್ನ ಮೂಗಿಗೆ ಸೀಮೆಎಣ್ಣೆಯ ವಾಸನೆ ಬಂತು. ಹಿಂದೆ ತಿರುಗಿ ನೋಡಿದೆ, ಸೀಮೆಎಣ್ಣೆ ನಮ್ಮ ಮನೆ ಬಿಟ್ಟು ಯಾವ ಕಾಲವಾಯಿತು! ಮತ್ತೆ ಮೂಸಿದೆ, ಮತ್ತೆ ಸೀಮೆಎಣ್ಣೆ. ಸ್ವಲ್ಪ ದಿನಕ್ಕೆ ಪುದೀನ ಹೊಸ ರಬ್ಬರ್ ಚಪ್ಪಲಿಯಾಗಿ ಬಂತು. ಹೀಗೆ ಅದಲುಬದಲಾಗಿ ಬರುವುದುಂಟು, ಬೇಸರ ಮಾಡಿಕೊಳ್ಳಬೇಡಿ ಎಂದು ಡಾಕ್ಟರು ಸಮಾಧಾನ ಹೇಳಿದರು. ಬೇಸರವೆಲ್ಲಿಯದು? ಬಾಗಿಲು ಹಾಕಿಕೊಂಡಿದ್ದ ಮನೆಯಿಂದ ಬೈಗುಳ ಕೇಳಿದರೂ ಒಳಗೆ ಜನ ಇದ್ದಾರೆಂದು ಗೊತ್ತಾಗುವುದಿಲ್ಲವೇ? ದವನ ಬಾಯಿ ತೆರೆದ ದಿನವೇ ಸಜ್ಜಕ ಮಾಡಿ ಯಜಮಾನರಿಗೆ ಬಡಿಸಿದ್ದೆ. “ದೇವರ ದವನ ಸೀಮೆಎಣ್ಣಿ ನಾರಾಕತ್ತೈತಿ ಅಂತ ಸಿಹಿ ಮಾಡಿದಾಕಿ ನೀ ಒಬ್ಬಾಕಿನ ನೋಡು” ಎಂದು ಅವರು ಎರಡು ಸಲ ಹಾಕಿಸಿಕೊಂಡು ತಿಂದರು.

ಆಮೇಲೆ ಒಣಗಿಸಿದ ಮೆಂತ್ಯಸೊಪ್ಪಿಗೆ ಕೈ ಹಾಕಿದೆ. ಸೊಪ್ಪು ಪಳಗಿದ ಮೇಲೆ ಅದರ ಜತೆ ಜಜ್ಜಿದ ಮೆಂತ್ಯಕಾಳು. ನನ್ನ ಮೂಗಿಗೆ ಅದು ತೊಯ್ದ ಗೋಣಿಚೀಲ. ಕಾವು ಏರಿಸಿದರೂ ಗೋಣಿಚೀಲ, ಇನ್ನೂ ಏರಿಸಿದರೂ ಗೋಣಿಚೀಲ. ಬಹಳ ದಿನ ಹೀಗೇ ಹೋಯಿತು. ಒಂದು ಬೆಳಿಗ್ಗೆ, ಒಲೆಯ ಮೇಲೆ ಹಾಲಿಟ್ಟು ಇದನ್ನು ಹಿಡಿದು ಕುಳಿತಿದ್ದೆ. ಗೋಣಿಚೀಲ ಇದ್ದಕ್ಕಿದ್ದಂತೆ ಸರಿದು ಆ ಜಾಗದಲ್ಲಿ ಹಣ್ಣಾದ ಪೇರಲ ಹಣ್ಣು ಬಂದು ಕುಳಿತಿತು. ಮುಚ್ಚಳ ತೆಗೆದು ನೋಡಿದೆ. ಕಾಳಿನ ನುಚ್ಚು ಹೊಂಬಣ್ಣಕ್ಕೆ ಬಂದು ಅಂಚು ಮಾತ್ರ ಕೆಂಪಾಗಿತ್ತು. ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು. ಹರಿಯಲಿ ಬಿಡು ಅಂದುಕೊಂಡೆ.

“ಹೊರಳೇತ್ರೀ!” ಎಂದು ನಾನು ಕೂಗಿದ ರಭಸಕ್ಕೆ ಯಜಮಾನರು ಅರ್ಧ ಗಡ್ಡದ ಸೋಪಿನಲ್ಲೇ ಬಂದರು. ಅವರಿಗೆ ಒಂದು ಕೆಲಸ ಕೊಟ್ಟೆ. ಇನ್ನೊಂದು ಚಿಟಿಕೆ ಹಾಕುತ್ತೇನೆ, ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ, ವಾಸನೆ ಬದಲಾಯಿತೆಂದು ನಿಮ್ಮ ಮೂಗಿಗೆ ಅನಿಸಿದಾಗ ಹೆಗಲ ಮೇಲಿನ ಟವೆಲು ಎತ್ತಿ. ಬಾವುಟ ಹಿಡಿದ ಕೈ, ಖುಷಿಯಿಂದ ಒಪ್ಪಿಕೊಂಡರು. ನಾನು ‘ಹ್ಞೂಂ’ ಅಂದು ಕಣ್ಣು ಬಿಟ್ಟೆ, ಟವೆಲು ಇನ್ನೂ ಹೆಗಲ ಮೇಲೇ ಇತ್ತು. ಉಸಿರು ಎಳೆದು ಬಿಡುವಷ್ಟು ಹೊತ್ತಾದ ಮೇಲೆ ಅದು ಮೇಲಕ್ಕೆ ಹೋಯಿತು. ಮತ್ತೆ ಮಾಡಿದೆವು, ಮರುದಿನವೂ ಮಾಡಿದೆವು. ಪ್ರತಿಸಲವೂ ಅವರ ಟವೆಲಿಗಿಂತ ನನ್ನ ಪೇರಲ ಹಣ್ಣು ಮೊದಲು ಬಂತು.

ಬೇಸಿಗೆ ಬಂತು. ಮಾಳಿಗೆಯ ಮೇಲೆ ಎಲ್ಲರೂ ಸೇರಿದರು. ನೆಗೆಣ್ಣಿ ಹೊಸ ಮೊಬೈಲಿನ ಸಮೇತ ಬಂದಿದ್ದಳು. ಹಿಂದಿನ ವರ್ಷ ಕಹಿಯಾದದ್ದಕ್ಕೆ ಟೈಮ್ ಕಡಿಮೆ ಮಾಡಿಕೊಂಡು ಬಂದಿದ್ದೇನೆ ಅಂದಳು. ಅರ್ಧ ಜನ ಅವಳ ಕಡೆ, ಉಳಿದವರು ಪಾಕೀಟಿನ ಖಾರದ ಕಡೆ. ನನ್ನ ಕಡೆ ಯಾರೂ ಇರಲಿಲ್ಲ. ಕೆಳಗಿನ ಮನೆಯಾಕೆ ಮಾತ್ರ ತೆಲುಗಿನಲ್ಲಿ ಮೆಲ್ಲಗೆ, ವಾಸನೆ ಬಂತೇ ಎಂದು ಕೇಳಿದಳು: “ವಾಸನ ವಚ್ಚಿಂದಾ ವದಿನಾ?”

ನಾನು ಸೆರಗು ಸಿಕ್ಕಿಸಿಕೊಂಡು ಕಡಾಯಿಯ ಮುಂದೆ ಕುಳಿತೆ. “ಮೆಂತ್ಯ ನಾ ಹುರಿತೀನಿ. ಈ ಸಲ ಕೆಟ್ಟರ ಮುಂದ ಈ ಕಡಾಯಿ ಮುಟ್ಟೂದಿಲ್ಲ. ಪಾಕೀಟ ತರ್ರಿ, ಏನರ ತರ್ರಿ, ನನ್ನ ಕೇಳಬ್ಯಾಡ್ರಿ.”

ನೆಗೆಣ್ಣಿ ಪಕ್ಕದಲ್ಲಿ ಕುಳಿತು, “ಅಕ್ಕಾರ, ಸಿಟ್ಟಾಗಬ್ಯಾಡ್ರಿ, ಖರೇ ಹೇಳ್ರಿ. ಮೆಂತ್ಯದ ವಾಸನಿ ಬರತೈತೇನ್ರಿ?” ಎಂದಳು.

“ಇಲ್ಲ. ಗೋಣಿಚೀಲದ ವಾಸನಿ ಬರತೈತಿ.”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜ್ವರ ತಲೆಗೂ ಏರಿತ್ತೇನೋ ಎಂಬ ನೋಟ ಅದು. ನಾನು ಉರಿ ಸಣ್ಣ ಮಾಡಿ ಮೆಂತ್ಯ ಸುರಿದೆ. ನೆಗೆಣ್ಣಿ ಸದ್ದಿಲ್ಲದೆ ಮೊಬೈಲ್ ಒತ್ತಿದ್ದು ಕಂಡಿತು.

ಸೌಟು ಆಡಿಸುತ್ತ ಹೋದೆ. ಗೋಣಿಚೀಲ ಸಣ್ಣಗೆ ಎದ್ದಿತು. ಅಷ್ಟರಲ್ಲಿ ಯಾರೋ ಅವಸರದವರು ಪಕ್ಕದ ಒಲೆಯಲ್ಲಿ ಮೆಣಸಿನಕಾಯಿ ಹಾಕಿಬಿಟ್ಟರು. ಘಾಟು ಎದ್ದು ಎಲ್ಲರೂ ಕೆಮ್ಮತೊಡಗಿದರು, ನನ್ನ ಕಣ್ಣಲ್ಲೂ ನೀರು ಸುರಿಯಿತು, ಕಡಾಯಿ ಮಸುಕಾಯಿತು. ಮೂಗಿನೊಳಗಿದ್ದ ಗೋಣಿಚೀಲ ಎಲ್ಲಿಯೋ ತಪ್ಪಿಹೋಯಿತು. ಕೆಮ್ಮನ್ನು ಹಲ್ಲು ಕಚ್ಚಿ ತಡೆದು, ಕಡಾಯಿಯ ಮೇಲೆ ಬಗ್ಗಿ, ಕಣ್ಣು ಮುಚ್ಚಿದೆ. ಎಷ್ಟೋ ಬೆಳಿಗ್ಗೆ ಆ ಗಾಜಿನ ಕೊಳವೆಯ ಮುಂದೆ ಕುಳಿತ ಹಾಗೆಯೇ ಕುಳಿತೆ. ಮೆಲ್ಲಗೆ, ಘಾಟಿನ ಅಡಿಯಿಂದ, ಗೋಣಿಚೀಲ ಮತ್ತೆ ಸಿಕ್ಕಿತು. ಅದನ್ನು ಬಿಡದೆ ಹಿಡಿದುಕೊಂಡೆ. ಅದು ಸ್ವಲ್ಪ ಒಣಗಿತು, ತೆಳುವಾಯಿತು, ಆಮೇಲೆ ಸರಿಯಿತು. ಪೇರಲ ಹಣ್ಣು!

“ಇಳಸ್ರಿ!” ಅಂದವಳೇ ಯಾರಿಗೂ ಕಾಯದೆ ನಾನೇ ಅರಿವೆ ಹಿಡಿದು ಕಡಾಯಿ ಎತ್ತಿ, ಮೆಂತ್ಯವನ್ನು ಪರಾತಕ್ಕೆ ಸುರಿದೆ.

“ಅಕ್ಕಾರ, ಇನ್ನೂ ಟೈಮ್ ಐತ್ರಿ!” ಎಂದು ನೆಗೆಣ್ಣಿ ಚೀರಿದಳು. ನಾನು ಮೆಂತ್ಯವನ್ನು ಪರಾತದ ತುಂಬ ಹರವಿ ಬೀಸಣಿಕೆಯಿಂದ ಗಾಳಿ ಹಾಕತೊಡಗಿದೆ. ಅದು ತಣ್ಣಗಾಗುತ್ತಿದ್ದಾಗ ಮೊಬೈಲು ಹೊಡೆದುಕೊಂಡಿತು. ಅದು ತನ್ನಷ್ಟಕ್ಕೆ ತಾನು ಕೂಗಿ ಸುಮ್ಮನಾಯಿತು.

ಗಿರಣಿಯಿಂದ ಖಾರ ಬಂದದ್ದು ಇಳಿಹೊತ್ತಿಗೆ. ಯಾರೂ ಮನೆಗೆ ಹೋಗಿರಲಿಲ್ಲ. ಹೋಗಲು ಮನಸ್ಸಾದರೂ ಹೇಗೆ ಬರುತ್ತದೆ, ವರ್ಷದ ಊಟದ ತೀರ್ಪು ಅಲ್ಲಿತ್ತು. ಕೆಳಗಿನ ಮನೆಯಾಕೆ ಮತ್ತು ನಾನು ಸೇರಿ ಜೋಳದ ರೊಟ್ಟಿ ಬಡಿದೆವು. ಬಿಸಿ ರೊಟ್ಟಿಯ ಮೇಲೆ ಹೊಸ ಖಾರ, ಅದರ ಮೇಲೆ ಕುಸುಬಿ ಎಣ್ಣೆ. ಮೊದಲನೆಯ ರೊಟ್ಟಿ ನೆಗೆಣ್ಣಿಗೇ ಕೊಟ್ಟೆ. ಸುಮ್ಮನೆ ಕೊಟ್ಟೆನೆಂದು ತಿಳಿಯಬೇಡಿ.

ಅವಳು ಒಂದು ತುತ್ತು ಬಾಯಿಗಿಟ್ಟುಕೊಂಡಳು. ಕಹಿಗೆ ಕಾಯುವವರ ಹಾಗೆ ಮುಖ ಬಿಗಿ ಮಾಡಿಕೊಂಡು ಅಗಿದಳು. ಆಮೇಲೆ ಮುಖ ಸಡಿಲಾಯಿತು. ಎರಡನೆಯ ತುತ್ತಿಗೆ ಕಣ್ಣು ಮುಚ್ಚಿದಳು. ಪಾಪ, ಅವಳೂ ಒಂದು ವರ್ಷ ಕಹಿ ಉಂಡವಳೇ. “ಅಕ್ಕಾರ...” ಎಂದು ನನ್ನ ಕೈ ಹಿಡಿದುಕೊಂಡಳು. ಹಿಂದೆ ನಿಂತವರೆಲ್ಲ ಒಟ್ಟಿಗೆ ರೊಟ್ಟಿಗೆ ಕೈ ಚಾಚಿದರು. ಕೆಳಗಿನ ಮನೆಯಾಕೆಗೆ ನಗುವೂ ಅಳುವೂ ಒಟ್ಟಿಗೆ ಬಂತು. ನನಗೆ ಅಷ್ಟೊಂದು ಸಂತೋಷವಾದದ್ದು ಮನೆ ಕಟ್ಟಿಸಿ ಒಳಗೆ ಕಾಲಿಟ್ಟ ದಿನವೂ ಇಲ್ಲ. ಹಂಚು ಕಾಯುತ್ತಲೇ ಇತ್ತು, ನಾನು ಬಡಿಯುತ್ತಲೇ ಇದ್ದೆ.

ಹೊರಡುವಾಗ ನೆಗೆಣ್ಣಿ ಮೆಟ್ಟಿಲ ಮೇಲೆ ನಿಂತು, “ಮುಂದಿನ ವರ್ಷ ನನಗೂ ಕಲಿಸ್ರಿ” ಅಂದಳು.

“ಕಲಿಸ್ತೀನಿ. ಮೊಬೈಲ ಮನ್ಯಾಗ ಇಟ್ಟು ಬಾ” ಅಂದೆ.

ಎಲ್ಲರೂ ಹೋದ ಮೇಲೆ ಯಜಮಾನರು ನನ್ನ ತಟ್ಟೆಗೆ ರೊಟ್ಟಿ ಹಾಕಿ, ತಾವೇ ಖಾರ ಬಡಿಸಿ, ಎಣ್ಣೆ ಬಿಟ್ಟರು. ಟವೆಲು ಹೆಗಲ ಮೇಲೇ ಇತ್ತು. “ಊರಿಗೆಲ್ಲ ರುಚಿ ಹತ್ತೇತಿ. ನಿನಗ ಹ್ಯಾಂಗ ಹತ್ತೇತಿ, ಅದನ್ನ ಹೇಳು” ಅಂದರು.

ತುತ್ತು ಬಾಯಿಗಿಟ್ಟುಕೊಂಡೆ. ಪೇರಲ ಹಣ್ಣು ಇತ್ತು, ಅದರ ಹಿಂದೆ ಸ್ವಲ್ಪ ರಬ್ಬರ್ ಚಪ್ಪಲಿ, ಎಲ್ಲೋ ಕೆಳಗೆ ಸೀಮೆಎಣ್ಣೆ. ನಮ್ಮ ಅವ್ವ ಹುರಿಯುತ್ತಿದ್ದ ಖಾರದ ವಾಸನೆ ಇರಲಿಲ್ಲ. ಅದು ಇನ್ನು ಬರುತ್ತದೋ ಇಲ್ಲವೋ, ಡಾಕ್ಟರಿಗೂ ಗೊತ್ತಿಲ್ಲ. ಆದರೆ ಕಹಿ ಇರಲಿಲ್ಲ. ಒಂದು ಚೂರೂ ಇರಲಿಲ್ಲ.

“ಭಾಳ ಚಲೋ ಆಗೇತ್ರಿ” ಅಂದೆ. ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.